ಹಾವು ಕಡಿತ: ಸಾವಿನ ಲೆಕ್ಕ ಸಿಕ್ಕಿತು, ಸೊರಗಿದ ಕಾಲಿನ ಲೆಕ್ಕ ಎಲ್ಲಿ?

ತಾಳಿಕೋಟೆ: ಡೋಣಿ ನದಿ ತೀರದ ಎರೆ ಭೂಮಿಯಲ್ಲಿ ತೊಗರಿ, ಜೋಳ ಎತ್ತರಕ್ಕೆ ಬೆಳೆದು ನಿಂತ ಮೇಲೆ ಕಾಲಿಡುವ ಜಾಗ ಕಣ್ಣಿಗೆ ಬೀಳುವುದಿಲ್ಲ. ಕಳೆ ತೆಗೆಯುವ, ರಾಶಿ ಮಾಡುವ, ಇರುಳಿನಲ್ಲಿ ನೀರು ಹಾಯಿಸುವ ಕೂಲಿಕಾರರಿಗೆ ಹಾವು ಕಡಿತ ಕಸುಬಿನ ಜೊತೆಗೇ ಬಂದ ಅಪಾಯ. ಕಡಿತಕ್ಕೆ ಒಳಗಾದವರು ಬದುಕಿ ಮನೆಗೆ ಮರಳಿದರೆ ಊರು ನಿಟ್ಟುಸಿರು ಬಿಡುತ್ತದೆ. ಆ ಕಾಲು ಮತ್ತೆ ಮೊದಲಿನಂತೆ ಹೊಲಕ್ಕೆ ಇಳಿದೀತೇ ಎಂಬುದು ಮಾತ್ರ ಸಾರ್ವಜನಿಕ ಚರ್ಚೆಗೆ ಬರುವುದೇ ಇಲ್ಲ.

ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ‘ಅಧಿಸೂಚಿತ ಕಾಯಿಲೆ’ ಎಂದು ಘೋಷಿಸಿ, ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಅದರ ಪರಿಣಾಮ ಕೂಡಲೇ ಕಾಣಿಸಿತು. 2023ರಲ್ಲಿ ಸುಮಾರು 6,500ರಷ್ಟಿದ್ದ ಪ್ರಕರಣಗಳು 2024ರಲ್ಲಿ 13 ಸಾವಿರ ದಾಟಿದವು; ಸಾವಿನ ಸಂಖ್ಯೆ 19ರಿಂದ ನೂರರ ಆಸುಪಾಸಿಗೆ ಏರಿತು. ಒಂದೇ ವರ್ಷದಲ್ಲಿ ಹಾವುಗಳು ದುಪ್ಪಟ್ಟಾಗಲಿಲ್ಲ. ಎಣಿಸುವವರು ಎಚ್ಚರಗೊಂಡರು, ಅಷ್ಟೆ.

ಎಣಿಕೆ ಬಹುತೇಕ ಸಾವಿನ ಸುತ್ತಲೇ ನಿಂತಿದೆ. ಜಗತ್ತಿನಲ್ಲಿ ಪ್ರತಿವರ್ಷ 81 ಸಾವಿರದಿಂದ 1.38 ಲಕ್ಷ ಜನ ಹಾವು ಕಡಿತದಿಂದ ಸಾಯುತ್ತಾರೆಂದೂ, ಅದರ ಸುಮಾರು ಮೂರು ಪಟ್ಟು ಮಂದಿ ಕೈಕಾಲು ಕಳೆದುಕೊಳ್ಳುತ್ತಾರೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾಗುತ್ತಾರೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಸಾವು ತಪ್ಪಿದಾಕ್ಷಣ ಗಂಡಾಂತರ ತಪ್ಪಿತು ಎನ್ನುವ ಭಾವನೆ ಎಷ್ಟು ಅಪೂರ್ಣ ಎಂಬುದಕ್ಕೆ ಈ ಅಂದಾಜೇ ಸಾಕು.

ಮಾಂಸದೊಳಗೆ ನಡೆಯುವುದೇನು?

ಎಲ್ಲ ಹಾವುಗಳ ವಿಷವೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ. ಕಟ್ಟುಹಾವಿನ ವಿಷ ನರಗಳ ಸಂದೇಶವನ್ನು ತಡೆದು ಉಸಿರು ನಿಲ್ಲಿಸುತ್ತದೆ; ಕಚ್ಚಿದ ಜಾಗದಲ್ಲಿ ಬಾವು ಕೂಡ ಹೆಚ್ಚಾಗಿ ಇರುವುದಿಲ್ಲ. ನಾಗರಹಾವಿನ ವಿಷ ಉಸಿರನ್ನೂ ಕಟ್ಟುತ್ತದೆ, ಕಚ್ಚಿದ ಜಾಗವನ್ನೂ ಕೊಳೆಸುತ್ತದೆ. ಮಂಡಲದ ಹಾವುಗಳದು ಬೇರೆಯೇ ಕತೆ. ಕೊಳಕುಮಂಡಲ ಎಂಬ ಹೆಸರಿನಲ್ಲಿಯೇ ಅದರ ಪರಿಣಾಮವನ್ನು ಓದಿಕೊಳ್ಳಬಹುದು.

ಈ ವಿಷದಲ್ಲಿರುವ ಫಾಸ್ಫೊಲೈಪೇಸ್ ಎಂಬ ಕಿಣ್ವಗಳು ಸ್ನಾಯುತಂತುವಿನ ಹೊರಪೊರೆಯನ್ನು ಒಡೆಯುತ್ತವೆ. ಒಡೆದ ಪೊರೆಯ ಮೂಲಕ ಕ್ಯಾಲ್ಸಿಯಂ ಒಳನುಗ್ಗಿ, ತಂತು ಅತಿಯಾಗಿ ಸೆಟೆದು ಸಾಯುತ್ತದೆ. ಇದು ದಿನಗಟ್ಟಲೆ ನಡೆಯುವ ಕ್ರಿಯೆಯಲ್ಲ. ಮೊದಲ ಗಂಟೆಗಳಲ್ಲಿಯೇ ಬಹುಪಾಲು ಹಾನಿ ಮುಗಿದಿರುತ್ತದೆ. ಸತ್ತ ಸ್ನಾಯು ಹೆಚ್ಚಾಗಿದ್ದರೆ ಅದರಿಂದ ಸೋರಿದ ಮಯೋಗ್ಲೋಬಿನ್ ಮೂತ್ರಪಿಂಡಕ್ಕೂ ಹೊರೆಯಾಗುತ್ತದೆ.

ಸ್ನಾಯು ಸತ್ತರೂ ಮರುಹುಟ್ಟು ಪಡೆಯಬಲ್ಲದು ಎಂಬುದು ಸೋಜಿಗದ ಸಂಗತಿ. ಪ್ರತಿ ತಂತುವಿನ ಅಂಚಿನಲ್ಲಿ ‘ಸ್ಯಾಟಲೈಟ್ ಕೋಶ’ಗಳು ಸುಪ್ತವಾಗಿ ಕುಳಿತಿರುತ್ತವೆ. ಅಮೆರಿಕದ ವಿಜ್ಞಾನಿ ಅಲೆಕ್ಸಾಂಡರ್ ಮೌರೊ 1961ರಲ್ಲಿ ಇವುಗಳನ್ನು ಗುರುತಿಸಿದರು. ಪೆಟ್ಟು ಬಿದ್ದಾಗ ಇವು ಎಚ್ಚೆತ್ತು, ವೃದ್ಧಿಯಾಗಿ, ಪರಸ್ಪರ ಬೆಸೆದು ಹೊಸ ತಂತುಗಳನ್ನು ಕಟ್ಟುತ್ತವೆ. ಈ ಕ್ರಿಯೆಯನ್ನು ಅಭ್ಯಾಸ ಮಾಡಲು ಪ್ರಯೋಗಾಲಯಗಳಲ್ಲಿ ಇಲಿಯ ಕಾಲಿಗೆ ಚುಚ್ಚುವುದು ನಾಗರಹಾವಿನ ವಿಷದಿಂದ ಬೇರ್ಪಡಿಸಿದ ಕಾರ್ಡಿಯೊಟಾಕ್ಸಿನ್ ಎಂಬ ವಸ್ತುವನ್ನೇ. ಕೆಲವೇ ವಾರಗಳಲ್ಲಿ ಆ ಸ್ನಾಯು ಹೆಚ್ಚುಕಡಿಮೆ ಪೂರ್ಣ ಚೇತರಿಸಿಕೊಳ್ಳುತ್ತದೆ.

ಹಾಗಾದರೆ ರೈತನ ಕಾಲು ಏಕೆ ಚೇತರಿಸಿಕೊಳ್ಳುವುದಿಲ್ಲ? ಹೊಸ ಸ್ನಾಯುವಿಗೆ ರಕ್ತ ಬೇಕು, ನರ ಬೇಕು, ತಂತುವನ್ನು ಸುತ್ತಿರುವ ತಳಪೊರೆಯ ಆಸರೆ ಬೇಕು. ಮಂಡಲದ ವಿಷದಲ್ಲಿರುವ ಮೆಟಲೊಪ್ರೋಟಿಯೇಸ್ ಎಂಬ ಇನ್ನೊಂದು ಬಗೆಯ ಕಿಣ್ವ ಸೂಕ್ಷ್ಮ ರಕ್ತನಾಳಗಳನ್ನೂ ಆ ಆಸರೆಯನ್ನೂ ಕೆಡವುತ್ತದೆ. ಕೋಸ್ಟರಿಕಾದ ಹೋಸೆ ಮರಿಯಾ ಗುಟಿಯೆರೆಸ್ ಮತ್ತು ಸಂಗಡಿಗರು ಹಲವು ವರ್ಷಗಳ ಸಂಶೋಧನೆಯಿಂದ ಇದನ್ನು ತೋರಿಸಿಕೊಟ್ಟಿದ್ದಾರೆ. ಬೀಜ ಉಳಿದರೂ ನೆಲ ಕೆಟ್ಟಿರುತ್ತದೆ. ಸ್ನಾಯುವಿನ ಜಾಗದಲ್ಲಿ ನಾರು, ಕೊಬ್ಬು ತುಂಬಿಕೊಳ್ಳುತ್ತದೆ.

ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯುವ ರೂಢಿಯ ಅಪಾಯವೂ ಇಲ್ಲಿಯೇ ಇದೆ. ಕಟ್ಟು ಬಿಗಿದಷ್ಟೂ ವಿಷ ಅದೇ ಮಾಂಸದಲ್ಲಿ ನಿಲ್ಲುತ್ತದೆ, ರಕ್ತವೂ ನಿಲ್ಲುತ್ತದೆ. ಪ್ರತಿವಿಷ ಜೀವ ಉಳಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ರಕ್ತದಲ್ಲಿರುವ ವಿಷವನ್ನು ಹಿಡಿಯುತ್ತದೆಯೇ ಹೊರತು ಆಗಲೇ ಸತ್ತ ಸ್ನಾಯುವನ್ನು ಮರಳಿ ಕೊಡುವುದಿಲ್ಲ. ತಾಲ್ಲೂಕು ಕೇಂದ್ರವಾಗಿ ಕೆಲವೇ ವರ್ಷಗಳಾಗಿರುವ ತಾಳಿಕೋಟೆಯಿಂದ ವಿಜಯಪುರದ ಜಿಲ್ಲಾಸ್ಪತ್ರೆ 70 ಕಿ.ಮೀ.ಗೂ ಹೆಚ್ಚು ದೂರ. ನಾಟಿ ವೈದ್ಯರ ಮನೆಯಲ್ಲಿ ಕಳೆದ ಎರಡು ಗಂಟೆಯನ್ನೂ ಸೇರಿಸಿದರೆ ಕಾಲಿನ ಭವಿಷ್ಯ ದಾರಿಯಲ್ಲಿಯೇ ನಿರ್ಧಾರವಾಗಿರುತ್ತದೆ.

ಆದ್ದರಿಂದ ಮೊದಲ ಡೋಸ್ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿಯೇ ಸಿಗುವುದು ಜೀವದ ಪ್ರಶ್ನೆಯಷ್ಟೇ ಅಲ್ಲ, ದುಡಿಮೆಯ ಪ್ರಶ್ನೆಯೂ ಹೌದು. ಬಿಡುಗಡೆಯಾದ ರೋಗಿಯ ಕಾಲಿನ ಬಲವನ್ನು ಮೂರು, ಆರು ತಿಂಗಳ ನಂತರ ಪರೀಕ್ಷಿಸಿ ದಾಖಲಿಸುವ ಹಾಗೂ ಫಿಜಿಯೊಥೆರಪಿ ಒದಗಿಸುವ ವ್ಯವಸ್ಥೆ ಅಧಿಸೂಚನೆಯ ಮುಂದಿನ ಹೆಜ್ಜೆಯಾಗಬೇಕು. ದೊಡ್ಡ ಖರ್ಚಿನ ಮಾತೇನೂ ಇದಲ್ಲ. 2024ರ ಮಾರ್ಚ್‌ನಲ್ಲಿ ಪ್ರಕಟವಾದ ಕೇಂದ್ರದ ಕ್ರಿಯಾಯೋಜನೆ 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ಗುರಿ ಇಟ್ಟುಕೊಂಡಿದೆ. ಬದುಕುಳಿಯುವವರು ಹೆಚ್ಚಿದಂತೆ ಊನಗೊಂಡವರೂ ಹೆಚ್ಚಬಹುದು.

ಸಂಶೋಧನೆಯ ಸುದ್ದಿಗಳನ್ನೂ ಈ ದೃಷ್ಟಿಯಿಂದಲೇ ಓದಬೇಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡು 2024ರಲ್ಲಿ ಪ್ರಕಟಿಸಿದ ಕೃತಕ ಪ್ರತಿಕಾಯ ಭಾರಿ ಪ್ರಚಾರ ಪಡೆಯಿತು. ಆದರೆ ಅದರ ಗುರಿ ನಾಗರಹಾವಿನ ವರ್ಗದ ನರವಿಷ, ಮಂಡಲದ ಮಾಂಸವಿಷವಲ್ಲ. ಫಾಸ್ಫೊಲೈಪೇಸನ್ನೇ ತಡೆಯುವ ವಾರೆಸ್ಪ್ಲಾಡಿಬ್ ಎಂಬ ಮಾತ್ರೆಯ ಪ್ರಯೋಗ ಭಾರತ ಹಾಗೂ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದಿದೆ. ಒಟ್ಟಾರೆ ಮುಖ್ಯ ಗುರಿಯನ್ನು ಅದು ಮುಟ್ಟಲಿಲ್ಲ. ಕಡಿತದ ಐದು ಗಂಟೆಯೊಳಗೆ ಮಾತ್ರೆ ಪಡೆದವರಲ್ಲಿ ಮಾತ್ರ ಪ್ರಯೋಜನದ ಸುಳಿವು ಸಿಕ್ಕಿದೆ.