ಮೈದಾನದ ಬಾಗಿಲಿನ ಅಗಲ

ಹತ್ತಡಿಯ ಖೋಲಿಯಲ್ಲಿ ಐದಾರು ಮಂದಿ ಕೂಡಿ ಬಾಳುವ ಮುಂಬಯಿಯ ಕುರ್ಲಾದ ಚಾಳುಗಳ ಸಂಸಾರಗಳಿಗೆ ಹತ್ತಿರದ ಮೈದಾನವೇ ಮನೆಯಂಗಳ. ಅಂಥದೊಂದು ಮೈದಾನದ ಬಳಿ ಈಚೆಗೆ ಒಂದು ಸಂಜೆ ಕಂಡ ದೃಶ್ಯವು ನನ್ನ ಮನಸ್ಸನ್ನು ಬಿಟ್ಟು ಕದಲದು. ಒಳಗೆ ಹುಡುಗರು ಟೆನಿಸ್ ಚೆಂಡಿನ ಕ್ರಿಕೆಟ್ ಆಡುತ್ತಿದ್ದರು; ಹೊರಗೆ, ಕಬ್ಬಿಣದ ಬೇಲಿಗೆ ಗಾಲಿಕುರ್ಚಿಯನ್ನು ತಾಗಿಸಿಕೊಂಡು, ಹನ್ನೆರಡು ಹದಿಮೂರರ ಪ್ರಾಯದ ಬಾಲಕನೊಬ್ಬನು ಅವರಿಗೆ ಅಂಪೈರನಾಗಿದ್ದನು. ಚೆಂಡು ವೈಡ್ ಆದರೆ ಸರಳುಗಳ ಎಡೆಯಿಂದ ಎರಡೂ ಕೈಗಳನ್ನು ಚಾಚಿ ತೋರಿಸುವನು. ಅವನ ತೀರ್ಪಿಗೆ ಯಾರೂ ಎದುರಾಡರು. ಗೆಳೆಯರು ಅವನನ್ನು ಆಟದಿಂದ ಹೊರಗಿಟ್ಟಿರಲಿಲ್ಲ. ಮೋಟಾರು ಸೈಕಲುಗಳು ನುಗ್ಗದಿರಲೆಂದು ಬಾಗಿಲಲ್ಲಿ ಅಡ್ಡಡ್ಡವಾಗಿ ನೆಟ್ಟ ಸರಳುಗಳೂ, ಅವುಗಳ ಬುಡದ ಅರ್ಧ ಅಡಿಯ ಮೆಟ್ಟಿಲೂ ಅವನನ್ನು ಹೊರಗಿಟ್ಟಿದ್ದವು.

ವಿಕಲಚೇತನರ ಕ್ರೀಡೆಯೆಂದೊಡನೆ ನಮ್ಮ ಚಿತ್ತವು ಪದಕಗಳತ್ತ ಧಾವಿಸುತ್ತದೆ. ಅದು ಸಹಜವೂ ಹೌದು. 1965ರ ಯುದ್ಧದಲ್ಲಿ ಗುಂಡೇಟು ತಿಂದು, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಈಜಿ, ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಮೊತ್ತಮೊದಲ ಚಿನ್ನವನ್ನು ಗಳಿಸಿಕೊಟ್ಟ ಮುರಳಿಕಾಂತ ಪೇಟ್ಕರರು ಇದೇ ಮಹಾರಾಷ್ಟ್ರದವರು. ಶೈಶವದಲ್ಲಿಯೇ ಪೋಲಿಯೋ ಪೀಡಿತರಾಗಿಯೂ ಗಾಲಿಕುರ್ಚಿಯಲ್ಲಿ ಕುಳಿತು ದೇಶದೇಶಗಳಲ್ಲಿ ಸ್ಪರ್ಧಿಸಿದ ಮಾಲತಿ ಹೊಳ್ಳರೂ, 2012ರಲ್ಲಿ ಲಂಡನ್ನಿನ ಎತ್ತರ ಜಿಗಿತದಲ್ಲಿ ಬೆಳ್ಳಿಯನ್ನು ಗೆದ್ದ ಹಾಸನ ಜಿಲ್ಲೆಯ ಗಿರೀಶರೂ ನಮ್ಮ ಕನ್ನಡ ನಾಡಿನವರು. 2024ರಲ್ಲಿ ಪ್ಯಾರಿಸ್ಸಿನಿಂದ ಭಾರತದ ತಂಡವು 29 ಪದಕಗಳೊಡನೆ ಮರಳಿತು. ಇವರೆಲ್ಲರಿಗೂ ನಾವು ಕೈ ಮುಗಿಯತಕ್ಕುದೇ. ಆದರೆ ಕಾಲು ನೆಟ್ಟಗಿರುವ ಮಗುವನ್ನು ಮೈದಾನಕ್ಕೆ ಬಿಡುವ ಮುನ್ನ, ಇವನು ಮುಂದೆ ದೇಶಕ್ಕೆ ಪದಕ ತಂದಾನೆಯೇ ಎಂದು ಯಾವ ತಾಯಿಯೂ ವಿಚಾರಿಸುವುದಿಲ್ಲ. ಗಾಲಿಕುರ್ಚಿಯ ಮಗುವಿಗೆ ಮಾತ್ರ ಆ ಅಳತೆಗೋಲನ್ನು ಹಿಡಿಯುವುದು ಯಾವ ನ್ಯಾಯ? ಆಟವೆಂಬುದು ಸಾಧಕರಿಗೆ ಸಲ್ಲುವ ಬಹುಮಾನವಲ್ಲ, ಬಾಲ್ಯದ ಆಹಾರ. ಪ್ಯಾರಾಲಿಂಪಿಕ್ಸಿನ ಮೂಲವಾದರೂ ಎಲ್ಲಿ? 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಂದ ವೈದ್ಯ ಲುಡ್ವಿಗ್ ಗುಟ್‌ಮನ್ನರು ಬಿಲ್ಲುಬಾಣಗಳನ್ನು ಹಿಡಿಯಿಸಿದ ಸ್ಪರ್ಧೆಯಲ್ಲಿ.

ಆಟವನ್ನು ಆಡುವವನಿಗೆ ಹೊಂದಿಸಿಕೊಂಡರೆ ಅದರ ಸತ್ತ್ವವೇನೂ ಕುಂದದೆಂಬುದಕ್ಕೆ ಅಂಧರ ಕ್ರಿಕೆಟ್ಟೇ ಸಾಕ್ಷಿ. ಅದರ ಚೆಂಡು ಬಿಳಿಯ ಪ್ಲಾಸ್ಟಿಕ್ಕಿನದು. ಒಳಗಿನ ಗುಂಡುಗಳು ಗಲಗಲನೆ ಸದ್ದು ಮಾಡುತ್ತವೆ. ಬೌಲರನು 'ರೆಡಿ?' ಎಂದು ಕೇಳಿ, ಬ್ಯಾಟುಗಾರನು 'ಯೆಸ್' ಎಂದ ಮೇಲೆಯೇ, 'ಪ್ಲೇ' ಎಂದು ಕೂಗಿ, ತೋಳನ್ನು ತಗ್ಗಿಸಿ ಚೆಂಡನ್ನು ನೆಲಕ್ಕೆ ಉರುಳಬಿಡುತ್ತಾನೆ; ಬ್ಯಾಟುಗಾರನು ಮಂಡಿಯೂರಿ, ಕಿವಿಯನ್ನೇ ಕಣ್ಣಾಗಿಸಿಕೊಂಡು, ಬ್ಯಾಟನ್ನು ನೆಲದುದ್ದಕ್ಕೆ ಬೀಸುತ್ತಾನೆ. ಅಂಥ ಆಟದಲ್ಲಿ ಭಾರತದ ತಂಡವನ್ನು ಮುನ್ನಡೆಸಿ, 2012ರಲ್ಲಿ ಬೆಂಗಳೂರಿನಲ್ಲಿ ಟಿ20 ವಿಶ್ವಕಪ್ಪನ್ನು ಎತ್ತಿದವರು ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕರು.

ಕಾನೂನಿನ ಬೆಂಬಲಕ್ಕೂ ಕೊರತೆಯಿಲ್ಲ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮವು, ಕ್ರೀಡೆಯಲ್ಲಿ ಪಾಲ್ಗೊಳ್ಳುವುದು ಅವರ ಹಕ್ಕೆಂದೂ ಕ್ರೀಡಾಸೌಕರ್ಯಗಳನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಬೇಕೆಂದೂ ತನ್ನ 30ನೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ವಿಧಿಸಿದೆ. ಪ್ರವೇಶಸೌಲಭ್ಯದ ಮಾರ್ಗಸೂಚಿಗಳು ಬರಿಯ ಸಲಹೆಗಳಾಗಿ ಉಳಿಯಲಾಗದು, ಕಡ್ಡಾಯದ ನಿಯಮಗಳು ರಚಿತವಾಗತಕ್ಕುದು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಆಜ್ಞಾಪಿಸಿತು. ಅದಕ್ಕೂ ಮೊದಲು, 2023ರಲ್ಲಿ, ಮುಂಬಯಿಯ ಕಾಲುದಾರಿಗಳಲ್ಲಿ ನೆಟ್ಟ ಅಡ್ಡಗಂಬಗಳು ಗಾಲಿಕುರ್ಚಿಗಳ ದಾರಿಯನ್ನು ಕಟ್ಟುತ್ತಿರುವುದನ್ನು ಬಾಂಬೆ ಹೈಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತ್ತು. ನಾನು ಕಂಡ ಬಾಗಿಲ ಸರಳುಗಳೂ ಆ ಕಂಬಗಳ ಒಡಹುಟ್ಟುಗಳೇ.

ಮೋಟಾರು ಸೈಕಲುಗಳ ಹಾವಳಿಯು ಸುಳ್ಳಲ್ಲವೆಂದು ಒಪ್ಪೋಣ. ಆದರೆ ವಾಹನವನ್ನು ತಡೆಯಲು ಮನುಷ್ಯನನ್ನು ತಡೆಯುವುದು ಪರಿಹಾರವೆನಿಸದು. ಗಾಲಿಕುರ್ಚಿಗೆ ಬೇಕಾದುದು ಸುಮಾರು 900 ಮಿಲಿಮೀಟರ್ ಅಗಲದ ದಾರಿ. ಪಕ್ಕದಲ್ಲೊಂದು ಚಿಕ್ಕ ಗೇಟನ್ನಿರಿಸಿ ಅದನ್ನು ಕಾವಲುಗಾರನ ಕಣ್ಣಿಗೆ ಒಪ್ಪಿಸಿದರೆ ಕೆಲಸ ಮುಗಿಯಿತು. ಇಳಿಜಾರಿನ ಲೆಕ್ಕವೂ ಕಠಿನವಲ್ಲ: ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ, ಎಂದರೆ ಆ ಬಾಲಕನಿಗೂ ಮೈದಾನಕ್ಕೂ ನಡುವೆ ಇದ್ದುದು ಆರಡಿ ಉದ್ದದ ಒಂದು ಕಾಂಕ್ರೀಟು ಇಳಿಜಾರಿನ ಅಂತರ. ಮರಳಿನಲ್ಲಿ ಚಕ್ರ ಹೂಳುವ ಕಡಲತೀರದಲ್ಲಿಯೇ, ಚೆನ್ನೈಯವರು 2022ರಲ್ಲಿ ಮರೀನಾದ ಮೇಲೆ ಮರದ ದಾರಿಯನ್ನು ಹಾಸಿ ಗಾಲಿಕುರ್ಚಿಗಳನ್ನು ಅಲೆಗಳ ಸಮೀಪಕ್ಕೆ ಒಯ್ದಿರುವಾಗ, ಗಟ್ಟಿ ನೆಲದ ಕುರ್ಲಾದಲ್ಲಿ ಆರಡಿ ನಮಗೆ ಅಸಾಧ್ಯವಾದೀತೆ?

ಇದರಲ್ಲಿ ಮಹಾನಗರಪಾಲಿಕೆಯ ಹೊಣೆಯೊಂದಿಗೆ ಇಲ್ಲಿಯ ಕನ್ನಡಿಗರಾದ ನಮ್ಮ ಪಾಲೂ ಇದೆ. ಮುಂಬಯಿ ಬಂಟರ ಸಂಘದ ಭವನವಿರುವುದು ಇದೇ ಕುರ್ಲಾದಲ್ಲಿ. ಈ ನಗರದ ಕನ್ನಡ, ತುಳು ಸಂಘಗಳಲ್ಲಿ ಅನೇಕವು ಓಟವೂ ತ್ರೋಬಾಲೂ ಹಗ್ಗಜಗ್ಗಾಟವೂ ಉಳ್ಳ ಕ್ರೀಡಾಕೂಟಗಳನ್ನು ನಡೆಸುವ ರೂಢಿಯುಳ್ಳವು. ಕ್ರೀಡಾಕೂಟಕ್ಕೆ ಮೈದಾನವನ್ನು ಗೊತ್ತುಮಾಡುವ ದಿನವೇ ಅದರ ಬಾಗಿಲನ್ನೂ ಶೌಚಾಲಯವನ್ನೂ ಒಮ್ಮೆ ಅಳೆದು ನೋಡುವ ಪದ್ಧತಿಯನ್ನು ಇವು ಕೈಗೊಂಡರೆ, ಗಾಲಿಕುರ್ಚಿಯವರ ಓಟವನ್ನೂ ಸದ್ದಿನ ಚೆಂಡಿನ ಆಟವನ್ನೂ ಉಳಿದ ಸ್ಪರ್ಧೆಗಳ ಸಾಲಿನಲ್ಲಿಯೇ ಆಮಂತ್ರಣಪತ್ರಿಕೆಯಲ್ಲಿ ಅಚ್ಚುಹಾಕಿಸಿದರೆ, ಇದುವರೆಗೆ ಮಗುವನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದ ತಂದೆತಾಯಿಗಳು ಅದನ್ನು ಕರೆತರುವರು. ಸಭಾಮಂಟಪದಲ್ಲಿ ಶಾಲು ಹೊದಿಸಿ ಕಳುಹಿಸುವ ಸನ್ಮಾನಕ್ಕಿಂತ ಅಂಗಿಗೆ ಕಟ್ಟುವ ಸ್ಪರ್ಧಾಳುವಿನ ಅಂಕೆಯು ಆ ಮಗುವಿಗೆ ಹೆಚ್ಚು ಗೌರವ ತರುವುದು.

ಆ ಸಂಜೆ ಬೆಳಕು ಕುಂದಿ ಆಟ ಮುಗಿದಾಗ, ಹುಡುಗರು ಸರಳುಗಳ ನಡುವೆ ನುಸುಳಿ ಹೊರಬಂದು, ತಮ್ಮ ಅಂಪೈರನ ಕುರ್ಚಿಯನ್ನು ಸರದಿಯ ಮೇಲೆ ತಳ್ಳುತ್ತ ಚಾಳಿನ ಕಡೆಗೆ ಹೊರಟರು. ಅವರು ಮಾಡಬೇಕಾದುದನ್ನು ಅವರು ಮಾಡಿದ್ದಾರೆ. ಬಾಗಿಲನ್ನು ಅಗಲಿಸುವುದು ಹಿರಿಯರಾದ ನಮ್ಮ ಕೆಲಸ. ಅದಾದ ಮೇಲೆ ಆ ಬಾಲಕನು ಬ್ಯಾಟು ಹಿಡಿಯಲಿ, ಚೆಂಡು ಎಸೆಯಲಿ, ಅಥವಾ ಅಂಪೈರನಾಗಿಯೇ ಉಳಿಯಲಿ. ವಿಕೆಟ್ಟಿನ ಹಿಂದೆ, ಅಂಪೈರನು ನಿಲ್ಲತಕ್ಕ ಎಡೆಯಲ್ಲಿ.