ಎದೆಯಲ್ಲಿ ತೂತು, ಚೀಟಿಯಲ್ಲಿ ಇಂಗ್ಲಿಷು!

ಕನ್ನಡದ ಯುವಕ ಯುವತಿಯರೇ, ನಾಮಫಲಕಕ್ಕಾಗಿ ನೀವು ಬೀದಿಗಿಳಿದದ್ದು ಸರಿ. ಬ್ಯಾಂಕಿನ ಚಲನ್‌ಗಾಗಿ ಘೋಷಣೆ ಕೂಗಿದ್ದೂ ಸರಿ. ಆದರೆ ನಿಮ್ಮ ಅವ್ವ, ನಿಮ್ಮ ದೊಡ್ಡಪ್ಪ ತಮ್ಮ ಎದೆಯನ್ನೇ ಒಪ್ಪಿಸಿ ಹೆಬ್ಬೆಟ್ಟು ಒತ್ತುವ ಆಸ್ಪತ್ರೆಯ ಕಾಗದ ಯಾವ ಭಾಷೆಯಲ್ಲಿದೆ ಎಂದು ಎಂದಾದರೂ ನೋಡಿದ್ದೀರಾ?

ಹುಟ್ಟಿನಿಂದ ಬಂದ ಹೃದಯದ ದೋಷ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮೈ ನೀಲಿಗಟ್ಟಿದ ಹಸುಗೂಸು. ಅದು ಅರ್ಧ ಸತ್ಯ. ಹೃದಯದ ಮೇಲಿನ ಎರಡು ಕೋಣೆಗಳ ನಡುಗೋಡೆಯಲ್ಲಿ ತೂತು ಇಟ್ಟುಕೊಂಡೇ ಹುಟ್ಟಿ, ಶಾಲೆ ಕಲಿತು, ಮದುವೆಯಾಗಿ, ಮಕ್ಕಳನ್ನು ಹೆತ್ತು, ಐವತ್ತು ದಾಟಿದವರೂ ಇದ್ದಾರೆ. ವೈದ್ಯರು ಇದನ್ನು ಎಎಸ್‌ಡಿ ಅನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲೇ ಇದು ಹೆಚ್ಚು. ಎಡಗಡೆಯ ಶುದ್ಧ ರಕ್ತ ತೂತಿನ ಮೂಲಕ ಬಲಗಡೆಗೆ ನುಗ್ಗುತ್ತದೆ. ಬಲಗಡೆಯ ಕೋಣೆಗಳು ದುಡಿದು ದುಡಿದು ಹಿಗ್ಗುತ್ತವೆ. ಹತ್ತಾರು ವರ್ಷ ಸದ್ದಿಲ್ಲ. ನಲವತ್ತು ದಾಟಿದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ಕಾಲು ಊತ. ಆಗ ಮನೆಯಲ್ಲಿ ನಾವೇನನ್ನುತ್ತೇವೆ? "ವಯಸ್ಸಾಯ್ತಲ್ಲ, ಗ್ಯಾಸ್ಟ್ರಿಕ್ ಇರಬೇಕು ಬಿಡು!"

ಮಕ್ಕಳಿಗಾದರೂ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದು 18 ವರ್ಷದವರೆಗಿನವರ ಹುಟ್ಟುದೋಷ ಹುಡುಕುತ್ತದೆ. ಅದಕ್ಕೆ ಮೊದಲೇ ಬೆಳೆದು ದೊಡ್ಡವರಾದ ನಮ್ಮ ಹಿರಿಯರ ಗತಿ?

ವಯಸ್ಸಾದ ಮಾತ್ರಕ್ಕೆ ಕೈಚೆಲ್ಲಬೇಕಿಲ್ಲ. ಎಕೋ ಪರೀಕ್ಷೆಯಲ್ಲಿ ತೂತು ಕಾಣುತ್ತದೆ. ಅದರ ಜಾಗ, ಅಳತೆ ಹೊಂದಿದರೆ ಎದೆ ಕೊಯ್ಯುವುದೂ ಬೇಡ. ತೊಡೆಸಂದಿನ ರಕ್ತನಾಳದಲ್ಲಿ ತೆಳು ನಳಿಕೆ ತೂರಿಸಿ, ಪುಟ್ಟ ಕೊಡೆಯಂಥ ಸಾಧನ ಬಿಚ್ಚಿ ಮುಚ್ಚುತ್ತಾರೆ. ಇಲ್ಲವಾದರೆ ಶಸ್ತ್ರಚಿಕಿತ್ಸೆ. ಅರವತ್ತು ದಾಟಿದವರಿಗೂ ಇದರಿಂದ ಉಸಿರು ಹಗುರಾಗುತ್ತದೆ. ಹೃದ್ರೋಗಕ್ಕೆಂದೇ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಸರ್ಕಾರದ್ದೇ ಜಯದೇವ ಸಂಸ್ಥೆ ಇದೆ. ಆದರೆ ತಡಮಾಡಿದರೆ ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿ, ರಕ್ತದ ಹರಿವೇ ತಿರುವುಮುರುವಾಗುತ್ತದೆ. ಆಗ ತೂತು ಮುಚ್ಚುವುದೇ ಪ್ರಾಣಕ್ಕೆ ಅಪಾಯ! ಈ ರೋಗದಲ್ಲಿ ತಿಳಿವಳಿಕೆಯೇ ಅರ್ಧ ಔಷಧಿ. ಆ ತಿಳಿವಳಿಕೆಗೇ ಇಂಗ್ಲಿಷಿನ ಬೀಗ!

ಬಿಡುಗಡೆಯ ದಿನ ಕೈಗೆ ಬರುವ ಡಿಸ್ಚಾರ್ಜ್ ಸಮ್ಮರಿ ನೋಡಿ. ಸಾಧನ ಕೂರಿಸಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗಬೇಕು. ಆ ಅವಧಿಯಲ್ಲಿ ಹಲ್ಲು ಕೀಳಿಸುವುದಿದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು. ಎದೆಬಡಿತ ತಾಳ ತಪ್ಪಿದವರಿಗೆ ರಕ್ತ ತೆಳುವಾಗಿಸುವ ಔಷಧಿ ವರ್ಷಗಟ್ಟಲೆ ಬೇಕಾಗಬಹುದು. ಬಿಟ್ಟರೆ ಲಕ್ವ ಹೊಡೆಯುವ ಭಯ. ಇಷ್ಟೂ ಸಂಗತಿ ಇಂಗ್ಲಿಷಿನ ಮೂರಕ್ಷರ, ನಾಲ್ಕಕ್ಷರದ ಸಂಕೇತಗಳಲ್ಲಿ! ಓದಲಾರದ ತಾಯಿ ಅದನ್ನು ಮಡಿಚಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ದೇವರ ಪಟದ ಹಿಂದೆ ಸಿಕ್ಕಿಸುತ್ತಾಳೆ. ಮಾತ್ರೆ ಮುಗಿದ ದಿನ ಚಿಕಿತ್ಸೆಯೂ ಮುಗಿಯಿತು ಅಂದುಕೊಳ್ಳುತ್ತಾಳೆ. ತಪ್ಪು ಅವಳದೋ, ಕಾಗದದ್ದೋ?

ಕಾನೂನು ಇಲ್ಲವೇ? 1963ರ ಕಾಯ್ದೆ ಕನ್ನಡವನ್ನು ಈ ರಾಜ್ಯದ ಆಡಳಿತ ಭಾಷೆ ಮಾಡಿತು. ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟು ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪಟ್ಟಿ, ರೋಗಿಗೆ ತಿಳಿದ ಭಾಷೆಯಲ್ಲೇ ವಿವರಿಸಬೇಕು ಎನ್ನುತ್ತದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ 2024ರಲ್ಲಿ ಸರ್ಕಾರಿ ವೈದ್ಯರು ಕನ್ನಡದಲ್ಲಿ ಔಷಧಿ ಚೀಟಿ ಬರೆಯಲಿ ಎಂದು ಒತ್ತಾಯಿಸಿತು. ಒಳ್ಳೆಯದೇ. ಆದರೆ ಚೀಟಿಯೊಂದೇ ಸಾಲದು. ಜೀವ ಇರುವುದು ಒಪ್ಪಿಗೆ ಪತ್ರದಲ್ಲಿ, ಬಿಡುಗಡೆ ಪತ್ರದಲ್ಲಿ.

"ಕನ್ನಡದಲ್ಲಿ ಪದಗಳೇ ಇಲ್ಲ" ಎಂದು ಮೂಗು ಮುರಿಯುವ ಮಹಾಶಯರಿಗೆ ಒಂದು ಮಾತು. ವೈದ್ಯೆ ಅನುಪಮಾ ನಿರಂಜನ 'ತಾಯಿ-ಮಗು' ಬರೆದು ಬಸಿರು ಬಾಣಂತನವನ್ನು ಮನೆಮನೆಗೆ ತಿಳಿಸಿದ್ದು ಯಾವ ಭಾಷೆಯಲ್ಲಿ? ತೂತು, ಗೋಡೆ, ಒತ್ತಡ, ಹೆಪ್ಪು: ಯಾವ ಪದ ಇಲ್ಲ? ಎಕೋ, ವಾಲ್ವ್ ಹಾಗೇ ಇರಲಿ, ಕನ್ನಡ ಲಿಪಿಯಲ್ಲಿ ಬರೆಯಿರಿ. ವೈದ್ಯರು ಹೊರರಾಜ್ಯದವರು ಎಂಬುದೂ ನೆಪವಲ್ಲ. 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲೇ ಸ್ಥಳೀಯ ಭಾಷೆಯ ಕಲಿಕೆಗೆ ಜಾಗವಿದೆ. ನಮ್ಮ ಜಗಳ ವೈದ್ಯರ ಊರಿನ ಜತೆ ಅಲ್ಲ, ಕಾಗದದ ಜತೆ. ಕನ್ನಡ ನಮೂನೆ ಇಟ್ಟುಕೊಂಡ ಆಸ್ಪತ್ರೆಗಳೂ ಇವೆ, ಅವಕ್ಕೆ ನಮಸ್ಕಾರ. ಉಳಿದವರಿಗೇನು ಧಾಡಿ?

ನಮ್ಮ ಹಕ್ಕೊತ್ತಾಯ ಮೂರೇ. ಕರ್ನಾಟಕದ ಪ್ರತಿ ಆಸ್ಪತ್ರೆಯಲ್ಲೂ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಬಿಡುಗಡೆ ಪತ್ರದ ಜತೆ ಮಾತ್ರೆ, ಅವಧಿ, ಅಪಾಯದ ಲಕ್ಷಣ, ಮುಂದಿನ ತಪಾಸಣೆ ತಿಳಿಸುವ ಒಂದು ಪುಟ ಕನ್ನಡದಲ್ಲಿರಲಿ. ಏದುಸಿರು ಎಂದು ಬರುವ ಹಿರಿಯರ ಎದೆ ಪರೀಕ್ಷಿಸಿ, ಬೇಕಾದವರಿಗೆ ಎಕೋ ಮಾಡಿಸುವ ವ್ಯವಸ್ಥೆ ಪ್ರತಿ ತಾಲ್ಲೂಕಿಗೂ ಬರಲಿ.

ಅಮೆರಿಕದ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರ ಬಳಸಿ ಇದೇ ತೂತನ್ನು ಮುಚ್ಚಿದ್ದು 1953ರಲ್ಲಿ. ಆ ವಿದ್ಯೆ ಇಲ್ಲಿಗೆ ಬಂದು ಎಷ್ಟೋ ಕಾಲವಾಯಿತು. ಅದರ ಒಂದು ಹಾಳೆ ಕನ್ನಡಕ್ಕೆ ಬರಲು ಇನ್ನೆಷ್ಟು ವರ್ಷ?

ಮುಂದಿನ ಸಲ ಮನೆಯ ಹಿರಿಯರ ಜತೆ ಆಸ್ಪತ್ರೆಗೆ ಹೋದಾಗ ಸಹಿಗೆ ಮುಂಚೆ ಕೇಳಿ: "ಇದರ ಕನ್ನಡ ಪ್ರತಿ ಎಲ್ಲಿ?" ಇಲ್ಲವೆಂದರೆ ಚಿಕಿತ್ಸೆ ತಡೆಯಬೇಡಿ. ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿ, ದೂರು ಬರೆದುಕೊಟ್ಟು ಬನ್ನಿ. ಸಾವಿರ ದೂರು ಬೀಳಲಿ, ಬೀಗ ತಾನಾಗಿ ಒಡೆಯುತ್ತದೆ!