ಹೆಜ್ಜೆ ತಪ್ಪುವ ಮೋಟಾರು

ತೇಗದ ಬಾಗಿಲಿನ ಮೇಲೆ ಬಳ್ಳಿಯನ್ನು ಕೆತ್ತುತ್ತಿರುವ ಯಂತ್ರವು ನಡುದಾರಿಯಲ್ಲಿ ಎರಡು ಮಿಲಿಮೀಟರು ಪಕ್ಕಕ್ಕೆ ಸರಿದರೆ ಕೆಡುವುದು ಬಳ್ಳಿಯೊಂದೇ ಅಲ್ಲ. ಹಲಗೆಯ ಬೆಲೆ, ಗಿರಾಕಿಗೆ ಕೊಟ್ಟ ಮಾತು, ತಿಂಗಳ ಕಂತು ಇವೆಲ್ಲಕ್ಕೂ ಪೆಟ್ಟು ಬೀಳುತ್ತದೆ. ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಕಡೆ ಸಾಲಮಾಡಿ ಸಿ.ಎನ್.ಸಿ. ರೂಟರನ್ನು ತಂದಿರಿಸಿಕೊಂಡ ಮನೆಗಳಲ್ಲಿ ಇಂಥ ದಿನ ಒಲೆಯ ಮುಂದೆಯೂ ಅದೇ ಮಾತು. ಸಾಮಾನು ತರಲು ಹೈದರಾಬಾದಿನ ಕೋಠಿಗೋ ರಾಣಿಗಂಜಿಗೋ ಹೊರಡುವ ಮೊದಲು ಒಂದು ಗಂಟೆಯ ಕಾಲ ಯಂತ್ರವನ್ನೇ ವಿಚಾರಿಸಿಕೊಳ್ಳುವುದು ಮೇಲು. ‘ಡ್ರೈವರು ಸುಟ್ಟಿದೆ, ಬದಲಿಸಿ’ ಎಂಬುದು ಸುಲಭದ ತೀರ್ಪು. ಆದರೆ ಎಷ್ಟೋ ಸಲ ದೋಷವಿರುವುದು ಸಡಿಲ ತಿರುಪಿನಲ್ಲಿ, ಇಲ್ಲವೆ ಒಳಗೆ ಮುರಿದ ತಂತಿಯಲ್ಲಿ.

ಈ ಯಂತ್ರಗಳ ಸ್ಟೆಪ್ಪರ್ ಮೋಟಾರು ಹೆಜ್ಜೆಯೆಣಿಸಿ ನಡೆಯುವ ಕುರುಡನಂತೆ. ಒಂದು ಹೆಜ್ಜೆಗೆ 1.8 ಡಿಗ್ರಿ, ಪೂರ್ತಿ ಸುತ್ತಿಗೆ 200 ಹೆಜ್ಜೆ. ಡ್ರೈವರು ಪ್ರತಿ ಹೆಜ್ಜೆಯನ್ನು ಎಂಟು ಪಾಲು ಮಾಡಿದರೆ ಸುತ್ತಿಗೆ 1600 ಮಿಡಿತಗಳಾದವು. ಸುತ್ತಿಗೆ 5 ಮಿಲಿಮೀಟರು ಮುಂದೆ ಸಾಗುವ ತಿರುಪುದಂಡವಿದ್ದರೆ ಒಂದು ಮಿಲಿಮೀಟರಿಗೆ 320 ಮಿಡಿತ. ಕಂಪ್ಯೂಟರು ಮಿಡಿತಗಳನ್ನು ಕಳುಹಿಸುತ್ತದೆಯೇ ಹೊರತು ಮೋಟಾರು ನಿಜವಾಗಿ ತಿರುಗಿತೇ ಎಂದು ಕೇಳುವುದಿಲ್ಲ. ಹೆಜ್ಜೆ ತಪ್ಪಿದರೂ ತಾನು ಸರಿಯಾದ ಸ್ಥಳದಲ್ಲಿಯೇ ಇದ್ದೇನೆಂದು ನಂಬಿ ಕೆತ್ತುತ್ತ ಹೋಗುತ್ತದೆ.

ಮೊದಲು ವಿದ್ಯುತ್ತನ್ನು ಆರಿಸಿ, ಮೋಟಾರಿನ ದಂಡಕ್ಕೂ ಕಪ್ಲಿಂಗಿಗೂ ಅಡ್ಡಲಾಗಿ ಒಂದು ಗೆರೆಯನ್ನೆಳೆಯಿರಿ. ಕೆಲಸದ ನಂತರ ಗೆರೆ ಎರಡಾಗಿ ಒಡೆದಿದ್ದರೆ ಕಪ್ಲಿಂಗು ಜಾರುತ್ತಿದೆ. ಡ್ರೈವರಿನ ತಪ್ಪೇನೂ ಇಲ್ಲ. ಬಳಿಕ ತಿರುಪುದಂಡವನ್ನು ಕೈಯಿಂದ ಆ ತುದಿಯಿಂದ ಈ ತುದಿಯವರೆಗೆ ತಿರುಗಿಸಿ ನೋಡಬೇಕು. ಒಂದೆಡೆ ಬಿಗಿ, ಒಂದೆಡೆ ಸಡಿಲವೆನಿಸಿದರೆ ಧೂಳನ್ನು ಅನುಮಾನಿಸಿರಿ. ತಾಂಡೂರಿನಲ್ಲಿ ಕಲ್ಲು ಕೊರೆಯುವವರಿಗೆ ಹೇಳಬೇಕಾದುದಿಲ್ಲ: ಸುಣ್ಣಕಲ್ಲಿನ ಪುಡಿ ನೀರಿನೊಡನೆ ಬೆರೆತರೆ ಗಾರೆಯೇ ಸರಿ.

ಮೋಟಾರು ತಿರುಗದೆ ನಡುಗುತ್ತ ಗುಂಯ್‌ಗುಡುತ್ತಿದ್ದರೆ ಎರಡು ಸುರುಳಿಗಳಲ್ಲಿ ಒಂದಕ್ಕೆ ವಿದ್ಯುತ್ತು ಹರಿಯುತ್ತಿಲ್ಲವೆಂದು ಊಹಿಸಬಹುದು. ಆಗ ಮೀಟರು ಬೇಕು. ನಾಲ್ಕು ತಂತಿಯ ಮೋಟಾರಿನಲ್ಲಿ ಎರಡೆರಡರ ಎರಡು ಜೋಡಿ. ಪ್ರತಿ ಜೋಡಿಯೂ ಕೆಲವೇ ಓಮ್ ತೋರಿಸಬೇಕು, ಎರಡೂ ಸರಿಸಮನಾಗಿರಬೇಕು. ಒಂದು ಜೋಡಿಗೂ ಇನ್ನೊಂದಕ್ಕೂ, ತಂತಿಗೂ ಮೋಟಾರಿನ ಮೈಗೂ ಸಂಬಂಧವಿರಕೂಡದು. ಅಳೆಯುವಾಗ ತಂತಿಯನ್ನು, ಅದು ಯಂತ್ರದೊಡನೆ ಸದಾ ಬಾಗುವ ಎಡೆಯಲ್ಲಿ, ಮೆಲ್ಲನೆ ಅಲುಗಿಸಿರಿ. ಹೊರಗಿನ ಹೊದಿಕೆ ಹೊಸದರಂತಿದ್ದು ಒಳಗಿನ ತಾಮ್ರ ತುಂಡಾಗಿರುವುದುಂಟು.

ಇಲ್ಲಿ ಒಂದು ಎಚ್ಚರಿಕೆ. ವಿದ್ಯುತ್ತು ಇರುವಾಗ ಮೋಟಾರಿನ ತಂತಿಯನ್ನು ಕೀಳಬಾರದು, ಸಿಕ್ಕಿಸಬಾರದು. ಸುರುಳಿಯ ಹರಿವು ಥಟ್ಟನೆ ಕಡಿದಾಗ ಏಳುವ ಒತ್ತಡವು ಗಟ್ಟಿಮುಟ್ಟಾದ ಡ್ರೈವರನ್ನೂ ಕೊಂದೀತು. ಹುಡುಕಲು ಹೋದ ದೋಷವನ್ನು ನಾವೇ ತಂದಂತಾಗುತ್ತದೆ. ಸ್ವಿಚ್ಚು ಆರಿಸಿ, ಡ್ರೈವರಿನ ದೀಪವು ಪೂರ್ತಿ ನಂದುವವರೆಗೆ ಕಾಯಿರಿ.

ತಂತಿ ಸರಿಯಿದ್ದರೆ ಅದಲುಬದಲಿನ ಪರೀಕ್ಷೆ. ಎಕ್ಸ್ ಮತ್ತು ವೈ ಮೋಟಾರುಗಳು ಒಂದೇ ಬಗೆಯವಾಗಿದ್ದು, ಡ್ರೈವರುಗಳ ಕರೆಂಟಿನ ಸ್ವಿಚ್ಚುಗಳು ಒಂದೇ ಬಗೆಯಾಗಿದ್ದರೆ, ಎರಡರ ತಂತಿಗಳನ್ನು ಡ್ರೈವರಿನ ಬಳಿ ಪರಸ್ಪರ ಬದಲಿಸಿರಿ. ಉಳಿಯನ್ನು ಮೇಲೆತ್ತಿ ಸ್ವಲ್ಪವೇ ಚಲಿಸಗೊಡಿರಿ. ಮೊದಲಿನ ಮೋಟಾರೇ ತೊಂದರೆ ಕೊಟ್ಟರೆ ದೋಷ ಮೋಟಾರಿನದು ಅಥವಾ ಅದರ ತಂತಿಯದು. ಇನ್ನೊಂದು ತೊಂದರೆ ಕೊಡತೊಡಗಿದರೆ ಡ್ರೈವರಿನದು ಅಥವಾ ಅದಕ್ಕೆ ಬರುವ ಆಜ್ಞೆಯದು. ನನ್ನ ಮಟ್ಟಿಗೆ, ಹೊಸ ಡ್ರೈವರಿಗೆ ಹಣ ಕೊಡುವ ಅಧಿಕಾರ ಬರುವುದು ಈ ಪರೀಕ್ಷೆಯ ನಂತರವೇ.

ಮುಟ್ಟಲಾಗದಷ್ಟು ಮೋಟಾರು ಬಿಸಿಯಾಯಿತೆಂದು ಹಲವರು ಬೆದರುತ್ತಾರೆ. ಮೈ 80 ಡಿಗ್ರಿಯವರೆಗೆ ಕಾಯುವುದನ್ನು ಅನೇಕ ಮೋಟಾರುಗಳು ತಾಳುತ್ತವೆ. ಬೆದರಿ ಕರೆಂಟನ್ನು ತೀರ ಇಳಿಸಿದರೆ ಬಲ ಕುಗ್ಗಿ ಹೆಜ್ಜೆ ತಪ್ಪುತ್ತದೆ. ಹೆಚ್ಚು ಕಾಳಜಿ ಬೇಕಾದುದು ಮುಚ್ಚಿದ ಪೆಟ್ಟಿಗೆಯೊಳಗಿನ ಡ್ರೈವರಿಗೆ. ನಮ್ಮ ಕಡೆಯ ಮೇ ತಿಂಗಳಲ್ಲಿ ಅದಕ್ಕೊಂದು ಫ್ಯಾನು ಇರಲೇಬೇಕು.

ಕೆಲವೊಮ್ಮೆ ಎಲ್ಲವೂ ಸರಿಯಾಗಿದ್ದೂ ಕೆತ್ತನೆ ಸರಿಯುತ್ತದೆ. ಆಗ ಕೊರೆಯದೆ, ಗಾಳಿಯಲ್ಲಿಯೇ 100 ಮಿಲಿಮೀಟರು ಹಿಂದುಮುಂದು ನೂರು ಸಲ ಓಡಿಸಿ ಮೊದಲಿನ ಗುರುತಿಗೆ ಮರಳುತ್ತದೆಯೇ ನೋಡಿರಿ. ವೇಗವನ್ನೂ ವೇಗವೇರುವ ರಭಸವನ್ನೂ ತಗ್ಗಿಸಿದಾಗ ಸರಿಹೋದರೆ ಮೋಟಾರಿಗೆ ಶಕ್ತಿ ಸಾಲದೆಂದೂ, ದಿಕ್ಕು ಬದಲಾದಾಗಲೆಲ್ಲ ಒಂದೇ ಕಡೆಗೆ ಸರಿಯುತ್ತಿದ್ದರೆ ಮಿಡಿತ ಮತ್ತು ದಿಕ್ಕಿನ ಆಜ್ಞೆಗಳ ಹೊಂದಿಕೆ ತಪ್ಪಿದೆಯೆಂದೂ ತಿಳಿಯಬಹುದು. ಉಳಿಯ ಮೋಟಾರು ತಿರುಗುವಾಗ ಮಾತ್ರ ತಪ್ಪಿದರೆ ಅದರ ವೇಗ ನಿಯಂತ್ರಿಸುವ ಇನ್ವರ್ಟರಿನ ಗದ್ದಲವು ಆಜ್ಞೆಯ ತಂತಿಗೆ ತಾಗುತ್ತಿರಬೇಕು. ಎರಡು ತಂತಿಗಳನ್ನೂ ದೂರವಿರಿಸಿ, ಆಜ್ಞೆಯ ತಂತಿಗೆ ಲೋಹದ ಜಾಲರಿಯ ಹೊದಿಕೆ ಹಾಕಿ, ಆ ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ಥಿಂಗಿಗೆ ಸೇರಿಸಬೇಕು.

ಇಷ್ಟಾದರೂ ಬಗೆಹರಿಯದಿದ್ದರೆ ಮೆಕ್ಯಾನಿಕ್ಕನ್ನು ಕರೆಯಲೇಬೇಕು. ಜಹೀರಾಬಾದಿನವರಿಗೆ ಹೈದರಾಬಾದಿಗಿಂತ ಬೀದರವೇ ಹತ್ತಿರ. (1956ರವರೆಗೆ ನಾರಾಯಣಖೇಡವು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿಯೂ ಇದ್ದವೆಂಬುದು ಹಿರಿಯರಿಗೆ ನೆನಪಿದ್ದೀತು, ಫೋನಿನಲ್ಲಿ ಕನ್ನಡದಲ್ಲಿಯೇ ವಿವರಿಸುವ ಸೌಕರ್ಯವೂ ಸಣ್ಣದಲ್ಲ.) ಮೇಲಿನ ಯಾವ ಪರೀಕ್ಷೆಗೆ ಯಾವ ಉತ್ತರ ಬಂದಿತೆಂದು ಬರೆದಿಟ್ಟುಕೊಂಡು ಹೇಳಿರಿ. ಡ್ರೈವರಿನ ಕೆಂಪು ದೀಪವು ಎಷ್ಟು ಸಲ ಮಿನುಗಿ ನಿಲ್ಲುತ್ತದೆಂಬುದನ್ನೂ ಎಣಿಸಿಡಿರಿ. ಹಳೆಯ ಡ್ರೈವರನ್ನು ಬಿಚ್ಚುವ ಮುನ್ನ ಅದರ ಸಣ್ಣ ಸ್ವಿಚ್ಚುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಗುರುತುಮಾಡಿರಿ. ಹೊಸದು ತನ್ನ ಇಷ್ಟದಂತೆ ಸ್ವಿಚ್ಚುಗಳನ್ನಿರಿಸಿಕೊಂಡೇ ಬರುತ್ತದೆ.